ರೇಡಿಯೇಟರ್ ಪಕ್ಕದ ಹಾಸಿಗೆ

ಮಾಜಿ ಸೈನಿಕರ ಕ್ಷಯರೋಗ ಆಸ್ಪತ್ರೆ
ಎಲ್ಕ್ ಬೆಂಡ್, ನೆಬ್ರಾಸ್ಕ
4 ನವೆಂಬರ್ 1946

ಪ್ರೀತಿಯ ಅಕ್ಕ,

ಉತ್ತರ ತಡವಾಯಿತೆಂದು ಬೈಯಬೇಡ. ಬೈಯುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೈನಿಕರ ಆಸ್ಪತ್ರೆಗಳ ಬಗ್ಗೆ ಆ ವಾರಪತ್ರಿಕೆಯವನು ಬರೆದದ್ದನ್ನು ನೀನೂ ಓದಿರುತ್ತೀಯ. ಕಾರಿಡಾರಿನಲ್ಲಿ ಹಾಸಿಗೆಗಳು, ಆರಿದ ಊಟ, ಕೈಲಾಗದ ಮುದಿ ವೈದ್ಯರು ಎಂದೆಲ್ಲ ಹೇಳಿದ್ದಾನೆ. ನಮ್ಮ ಆಸ್ಪತ್ರೆಯ ಹೆಸರು ಬಂದಿಲ್ಲ. ಆದರೆ ಅವನು ಹೇಳಿದ್ದೆಲ್ಲ ನಮ್ಮಲ್ಲೂ ಇದೆ, ಮುದಿ ವೈದ್ಯನ ಸಮೇತ.

ವಾಷಿಂಗ್ಟನ್ನಿನಲ್ಲಿ ಹಳಬರು ಹೋಗಿ ಹೊಸಬರು ಬಂದಿದ್ದಾರೆ. ಅವರಿಗೂ ನಮಗೂ ನಡುವೆ ಈಗ ವಲಯ ಕಚೇರಿ ಎಂಬುದೊಂದು ಹುಟ್ಟಿಕೊಂಡಿದೆ. ಅಲ್ಲಿಯ ಪ್ರೂಯಿಟ್ ಎಂಬಾತ ಹೊತ್ತಿಲ್ಲ ಗೊತ್ತಿಲ್ಲ, ಫೋನ್ ಮಾಡುತ್ತಲೇ ಇರುತ್ತಾನೆ. ಈ ಆಸ್ಪತ್ರೆಯನ್ನು ಮುಚ್ಚುತ್ತಾರೆ ಎಂದು ಒಂದು ವಾರ, ದೊಡ್ಡದು ಮಾಡುತ್ತಾರೆ ಎಂದು ಇನ್ನೊಂದು ವಾರ. ಒಂದು ಬಲ್ಬು ಬದಲಾಯಿಸಲು ಯಾರ ಸಹಿ ಬೇಕು ಎಂದು ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಪತ್ರಿಕೆಯವರು ಇಲ್ಲಿಗೂ ಬರಬಹುದಂತೆ. ಮಹಡಿಗೆಲ್ಲ ಬಣ್ಣ ಹೊಡೆಸುತ್ತಿದ್ದೇನೆ.

ನಿನ್ನ ಮಗ ಹಾಲ್ವರ್ ಚೆನ್ನಾಗಿದ್ದಾನೆ. ವಾರ್ಡಿನಲ್ಲಿ ಜಾಗ ಸಿಗದೆ ಇನ್ನೂ ಕಾರಿಡಾರಿನ ಕೊನೆಯಲ್ಲಿ, ಕಟ್ಟಡ ಬೆಚ್ಚಗಿಡುವ ರೇಡಿಯೇಟರ್ ಪಕ್ಕದಲ್ಲೇ ಇದ್ದಾನೆ. ಅದಕ್ಕೆ ನಾನು ಕ್ಷಮೆ ಕೇಳಿದರೆ, "ಬಿಡಿ ಮಾಮ, ಒಳಗಿನೋರಿಗೆ ಕಿಟಕಿ ಇದೆ, ನಂಗೆ ಬೆಚ್ಚಗಿದೆ. ಕಾಫಿ ಗಾಡಿ ಮೊದಲು ಬರೋದೇ ನನ್ ಹತ್ರ" ಎನ್ನುತ್ತಾನೆ. ಯಾರೂ ಇಲ್ಲದಾಗ ಮಾತ್ರ ಮಾಮ. ಬೇರೆಯವರೆದುರು ಡಾಕ್ಟರ್ ಆಮೊಟ್. ನಾವಿಬ್ಬರೂ ಸಂಬಂಧಿಕರೆಂದು ಇಲ್ಲಿ ಯಾರಿಗೂ ಹೇಳಿಲ್ಲ.

ಈಗ ಒಳ್ಳೆಯ ಸುದ್ದಿ. ಅವನ ತೂಕ ಏರಿದೆ, ಜ್ವರ ಬಿಟ್ಟಿದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎರಡು ವಾರ ರಜೆ ಕೊಟ್ಟು ಮನೆಗೆ ಕಳಿಸುತ್ತೇನೆ. ಕಫ ಪರೀಕ್ಷೆಯೂ ಚೆನ್ನಾಗಿ ಬಂದಿದೆ, ಹೆದರಬೇಕಾದ್ದಿಲ್ಲ. ಒಂದೇ ಮೇಜಿನಲ್ಲಿ ಕೂತು ಊಟ ಮಾಡಿ.

ನಿನ್ನ ತಮ್ಮ,
ಸಿಗ್‌ವಾಲ್ಡ್


ನೂರ್ಡಾಲ್, ನಾರ್ತ್ ಡಕೋಟ
10 ನವೆಂಬರ್ 1946

ಸಿಗ್,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತುಬಿಟ್ಟೆ. ಪಕ್ಕದ ಮನೆಯ ಕ್ಲೆವೆನ್ ಕಿಟಕಿಯಿಂದ ನೋಡಿ ಓಡಿಬಂದಳು. "ಅಯ್ಯೋ, ಯಾರು ಹೋದ್ರೇ?" ಅಂದಳು. "ಯಾರೂ ಹೋಗಿಲ್ಲ ಕಣೇ, ನನ್ ಮಗ ಬರ್ತಿದಾನೆ" ಅಂದೆ. ಆಮೇಲೆ ಇಬ್ಬರೂ ಕೂತು ಅತ್ತೆವು. ಕಾಫಿ ಉಕ್ಕಿ ಒಲೆಯೆಲ್ಲ ಹಾಳಾಯಿತು.

ಒಂದು ಮಾತು ಕೇಳಲೇ? ಹೋದ ಬೇಸಿಗೆಯಲ್ಲಿ ಅವನ ಹುಟ್ಟಿದ ದಿನಕ್ಕೆ ಎರಡು ದಿನ ಕಳಿಸು ಎಂದು ಅಂಗಲಾಚಿದ್ದೆ. ಹಾಸಿಗೆಯಿಂದ ಎಬ್ಬಿಸಿದರೆ ಗಳಿಸಿದ್ದೆಲ್ಲ ಕಳೆದುಕೊಳ್ಳುತ್ತಾನೆ ಎಂದು ನೀನು ಎರಡು ಪುಟ ಉಪದೇಶ ಬರೆದೆ. ಈಗ ಹೇಗೆ ಮನಸ್ಸು ಕರಗಿತು? ಹೋಗಲಿ, ಕೇಳುವುದಿಲ್ಲ. ಕೇಳಿದರೆ ಮತ್ತೆ ಗಟ್ಟಿಯಾದೀತು.

ಹಿಂದಿನ ಗಾಜಿನ ಜಗಲಿಯಲ್ಲಿ ಅವನಿಗೆ ಮಂಚ ಹಾಕಿದ್ದೇನೆ, ನಿಮ್ಮ ಆಸ್ಪತ್ರೆಯ ಹಾಗೆಯೇ ಗಾಳಿ ಬೆಳಕು ಇರಲಿ ಎಂದು. ಅವನಪ್ಪ ಇದ್ದಿದ್ದರೆ ಇನ್ನೊಂದು ಒಲೆಯನ್ನೂ ಇಡುತ್ತಿದ್ದರು. ಹಾಲು, ಮೊಟ್ಟೆ ಎಲ್ಲ ಹೇಳಿಟ್ಟಿದ್ದೇನೆ. ಲೆಫ್ಸೆ ರೊಟ್ಟಿ ಲಟ್ಟಿಸಲು ಆಲೂಗಡ್ಡೆ ತಂದಾಗಿದೆ.

ರೈಲಿನ ಸಮಯವನ್ನು ಕಾಗದದಲ್ಲೇ ತಿಳಿಸು. ಫೋನ್ ಮಾಡಬೇಡ. ಈ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಎಲ್ಲರ ಮಾತು ಕೇಳುವವಳು ನಾನು. ನನ್ನ ಮಾತನ್ನು ಇನ್ನೊಬ್ಬಳು ಕೇಳುವುದು ನನಗೆ ಸಹಿಸಲಾಗುವುದಿಲ್ಲ.

ಬೋರ್ಗಿಲ್ಡ್


ಎಲ್ಕ್ ಬೆಂಡ್
29 ನವೆಂಬರ್ 1946

ಅಕ್ಕ,

ಹಬ್ಬ ಚೆನ್ನಾಗಿ ಆಯಿತೆಂದು ನಂಬುತ್ತೇನೆ. ಇಲ್ಲೂ ಟರ್ಕಿ ಕೋಳಿ ಬೇಯಿಸಿದ್ದರು. ನನ್ನ ಪಾಲಿಗೆ ಕುತ್ತಿಗೆ ಬಂತು.

ಹಾಲ್ವರನ ರಜೆಯನ್ನು ಇನ್ನೆರಡು ವಾರ ಮುಂದುವರಿಸಿದ್ದೇನೆ. ನಮ್ಮ ಬಾಯ್ಲರ್ ಕೆಟ್ಟಿದೆ, ರಿಪೇರಿ ನಡೆಯುತ್ತಿದೆ, ಮಹಡಿ ತಣ್ಣಗಿದೆ. ಈ ಚಳಿಯಲ್ಲಿ ಅವನು ಇಲ್ಲಿಗಿಂತ ಅಲ್ಲಿರುವುದೇ ವಾಸಿ. ಹಾಸಿಗೆಯಲ್ಲೇ ಇರಲಿ, ಮೆಟ್ಟಿಲು ಹತ್ತಿಸಬೇಡ.

ಇನ್ನೊಂದು ಮಾತು. ಅವನ ತಟ್ಟೆ, ಲೋಟ ಬೇರೆ ಇಡು. ಬಳಸಿದ ಮೇಲೆ ಕುದಿಸು. ಅವನು ಕೆಮ್ಮುವಾಗ ಎದುರಿಗೆ ಕೂರಬೇಡ. ಹೆದರಿಸಲು ಹೇಳುತ್ತಿಲ್ಲ. ಒಳ್ಳೆಯ ಅಭ್ಯಾಸ ಅಷ್ಟೆ.

ಸಿಗ್


ನೂರ್ಡಾಲ್
11 ಡಿಸೆಂಬರ್ 1946

ಸಿಗ್,

ನಿಮ್ಮ ಬಾಯ್ಲರಿಗೆ ಒಳ್ಳೆಯದಾಗಲಿ. ಕ್ರಿಸ್‌ಮಸ್ಸಿನವರೆಗೂ ಕೆಟ್ಟೇ ಇರಲಿ.

ನೀನು ಮೊದಲು ಒಂದೇ ಮೇಜು ಅಂದೆ, ಈಗ ಬೇರೆ ತಟ್ಟೆ ಅನ್ನುತ್ತೀಯ. ವೈದ್ಯರ ಮಾತು ನಮ್ಮೂರ ಹವೆಯ ಹಾಗೆ. ಆಗಲಿ, ನೋಡೋಣ.

ನಾನೊಂದು ಕೆಲಸ ಮಾಡಿದ್ದೇನೆ. ಎಲ್ಲರೂ ಸೈನಿಕರ ಆಸ್ಪತ್ರೆಗಳನ್ನು ಹಿಗ್ಗಾಮುಗ್ಗಾ ಬೈಯುವುದನ್ನು ಓದಿ ಓದಿ ಹೊಟ್ಟೆ ಉರಿದು, ನಿಮ್ಮ ಕಡೆಯ ದಿನಪತ್ರಿಕೆಗೆ ಒಂದು ಕಾಗದ ಬರೆದೆ. ಹಬ್ಬಕ್ಕೆ ರೋಗಿಯನ್ನು ತಾಯಿಯ ಬಳಿಗೆ ಕಳಿಸುವ ಆಸ್ಪತ್ರೆಯೂ ಇದೆ, ಅಲ್ಲಿ ಹೃದಯವಿರುವ ಜನ ಇದ್ದಾರೆ ಎಂದು. ಶ್ರೀಮತಿ ಪೆಡರ್ ರುಸ್ತಾದ್ ಎಂದು ಸಹಿ ಹಾಕಿದೆ. ನಿನ್ನ ಅಕ್ಕ ಅಂತ ಹೇಳಲಿಲ್ಲ. ಅಷ್ಟು ಬುದ್ಧಿ ನನಗೂ ಇದೆ. ಅಚ್ಚಾಗಿದೆ! ಅವರೇ ಒಂದು ಪ್ರತಿ ಕಳಿಸಿದರು.

ಅದೇ ಪುಟದಲ್ಲಿ ನಿಮ್ಮ ಆಸ್ಪತ್ರೆಯ ಫೋಟೋ ಇದೆ. ಎರಡನೆಯ ಮಹಡಿಯ ಕಾರಿಡಾರ್ ಕನ್ನಡಿಯ ಹಾಗೆ ಹೊಳೆಯುತ್ತಿದೆ, ಒಂದು ಹಾಸಿಗೆಯೂ ಇಲ್ಲ. ಹಾಲ್ವರ್ ಅದನ್ನು ಬಹಳ ಹೊತ್ತು ನೋಡಿದ. "ಅಮ್ಮಾ, ಇಲ್ಲಿ ನೋಡು ರೇಡಿಯೇಟರ್" ಎಂದು ತೋರಿಸಿದ. ಆಮೇಲೆ ಪೇಪರ್ ಮಡಚಿಟ್ಟು ಕಿಟಕಿಯ ಕಡೆ ತಿರುಗಿದ. ಅವನಿಗೆ ಅಲ್ಲಿಯ ಗೆಳೆಯರ ನೆನಪಾಗಿರಬೇಕು.

ಬೋರ್ಗಿಲ್ಡ್


ಎಲ್ಕ್ ಬೆಂಡ್
8 ಜನವರಿ 1947

ಅಕ್ಕ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನೇರವಾಗಿ ಹೇಳುತ್ತೇನೆ. ಹಾಲ್ವರನನ್ನು ಸದ್ಯಕ್ಕೆ ಇಲ್ಲಿಗೆ ಕರೆಸಿಕೊಳ್ಳುವ ಹಾಗಿಲ್ಲ.

ಕಾರಿಡಾರಿನಲ್ಲಿ ಇನ್ನು ಮುಂದೆ ಒಂದು ಹಾಸಿಗೆಯೂ ಇರಕೂಡದು ಎಂದು ವಲಯ ಕಚೇರಿಯಿಂದ ಆದೇಶ ಬಂದಿದೆ. ಅದಕ್ಕೆ ಸರಿಯಾಗಿ ನಮ್ಮ ಹಾಸಿಗೆಗಳ ಸಂಖ್ಯೆಯನ್ನೂ ಇಳಿಸಿದರು. ರಜೆ ಮುಂದುವರಿಸುವ ಅಧಿಕಾರವನ್ನು ನನ್ನ ಕೈಯಿಂದ ಕಿತ್ತುಕೊಂಡಿದ್ದಾರೆ. ಗಡುವಿನೊಳಗೆ ಹಿಂತಿರುಗದವರನ್ನು ತಾವಾಗಿ ಬಿಟ್ಟುಹೋದವರು ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅಂಥವರಿಗೆ ಮೂರು ತಿಂಗಳು ಯಾವ ಸೈನಿಕರ ಆಸ್ಪತ್ರೆಯಲ್ಲೂ ಪ್ರವೇಶವಿಲ್ಲ, ಆಮೇಲೂ ಸರದಿಯ ಕೊನೆಯಲ್ಲಿ ನಿಲ್ಲಬೇಕು. ನನ್ನ ಕರೆಗೆ ಕಾಯುತ್ತಿದ್ದಾಗಲೇ ಗಡುವು ಮೀರಿದ ಹಾಲ್ವರನನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ. ನಾನು ವಾದಿಸಿದೆ. ಯಾರ ಹತ್ತಿರ ವಾದಿಸಬೇಕು ಎಂಬುದೇ ತಿಳಿಯದೆ ಮೂರು ಊರಿಗೆ ಬರೆದೆ.

ಪತ್ರಿಕೆಯಲ್ಲಿ ಬಂದ ನಿನ್ನ ಕಾಗದವನ್ನು ಪ್ರೂಯಿಟ್ ಕತ್ತರಿಸಿ ಎಲ್ಲ ಆಸ್ಪತ್ರೆಗಳಿಗೂ ಕಳಿಸಿದ್ದಾನೆ. "ಡಾಕ್ಟ್ರೇ, ಈ ರುಸ್ತಾದ್ ಅಮ್ಮನಿಗೆ ಒಂದು ಹೂಗುಚ್ಛ ಕಳಿಸಬೇಕು ಕಣ್ರೀ! ನಿಮ್ಮ ಆಸ್ಪತ್ರೆ ಉಳೀತು" ಎಂದು ಫೋನಿನಲ್ಲಿ ಕೂಗಿದ. ಆಕೆ ಯಾರೆಂದು ಹೇಳಲು ಬಾಯಿ ಬರಲಿಲ್ಲ.

ಏಪ್ರಿಲ್‌ವರೆಗೆ ಹೇಗಾದರೂ ಸುಧಾರಿಸಿಕೊ. ಬೇಕಾದ ಔಷಧಿ ಕಳಿಸುತ್ತೇನೆ.

ಸಿಗ್


ನೂರ್ಡಾಲ್
19 ಜನವರಿ 1947

ಸಿಗ್‌ವಾಲ್ಡ್,

ನನ್ನ ಮಗ ಬಿಟ್ಟುಹೋದವನೇ? ಟಿಕೆಟ್ ಕೊಟ್ಟು ರೈಲು ಹತ್ತಿಸಿದವನು ನೀನು. ಬಾಯ್ಲರ್ ಕೆಟ್ಟಿದೆ ಎಂದವನೂ ನೀನೇ.

ಅವನಿಗೆ ಮತ್ತೆ ಸಂಜೆ ಜ್ವರ ಬರುತ್ತಿದೆ. ಜಗಲಿಯ ಗಾಜಿಗೆ ಒಳಗಿನಿಂದಲೇ ಮಂಜು ಕಟ್ಟುತ್ತದೆ. ಅವನನ್ನು ಒಳಕ್ಕೆ, ಒಲೆಯ ಪಕ್ಕಕ್ಕೆ ತಂದು ಮಲಗಿಸಿದ್ದೇನೆ. ನಾನು ಪಕ್ಕದಲ್ಲೇ ನೆಲದ ಮೇಲೆ ಹಾಸಿಕೊಳ್ಳುತ್ತೇನೆ. ಒಬ್ಬನೇ ಕೆಮ್ಮುತ್ತಾ ಮಲಗಿರಲಿ ಎಂದು ಬಿಡಲು ನನ್ನಿಂದಾಗುವುದಿಲ್ಲ.

ನನ್ನ ಕಾಗದದಿಂದ ನಿಮ್ಮ ಆಸ್ಪತ್ರೆ ಉಳಿಯಿತು ಅಂದೆಯಲ್ಲ. ನನ್ನ ಮಗನ ಹಾಸಿಗೆಯನ್ನು ಎತ್ತಿಸಿದ್ದೂ ಅದೇ ಕಾಗದವೋ? ನೀನು ಹೇಳದಿದ್ದರೆ ಈ ಪ್ರಶ್ನೆ ನನ್ನನ್ನು ತಿಂದುಹಾಕುತ್ತದೆ.

ಹೂಗುಚ್ಛ ಬೇಡ.

ಬೋರ್ಗಿಲ್ಡ್


ಎಲ್ಕ್ ಬೆಂಡ್
9 ಫೆಬ್ರವರಿ 1947

ಅಕ್ಕ,

ಇಲ್ಲ, ನಿನ್ನ ಕಾಗದದಿಂದಲ್ಲ. ಅದಕ್ಕೆ ಮುಂಚೆಯೇ ಹಾಸಿಗೆ ಎತ್ತಿಸಿಯಾಗಿತ್ತು. ಆ ಭಾರವನ್ನು ನೀನು ಹೊರಬೇಡ, ಅದು ನನ್ನದು.

ಬಾಯ್ಲರ್ ಕೆಟ್ಟಿರಲಿಲ್ಲ. ನವೆಂಬರಿನಲ್ಲಿ ಪತ್ರಿಕೆಯವರನ್ನು ಕರೆದುಕೊಂಡು ಬರುತ್ತೇನೆ, ಕಾರಿಡಾರ್ ಖಾಲಿ ಇರಬೇಕು ಎಂದು ಪ್ರೂಯಿಟ್ ಹೇಳಿದ. ಕಾರಿಡಾರಿನಲ್ಲಿ ಆರು ಜನ ಇದ್ದರು. ಆರು ಜನರಿಗೂ ಹಬ್ಬದ ರಜೆ ಕೊಟ್ಟೆ. ಫೋಟೋ ಅಚ್ಚಾದ ಮೇಲೆ ಮತ್ತೆ ಕರೆಸಿಕೊಳ್ಳುವುದು ಎಂದಿತ್ತು. ಇಬ್ಬರಿಗೆ ಹೋಗಲು ಮನಸ್ಸಿರಲಿಲ್ಲ, ಗೊಣಗಿದರು. ಆಗ ಹಾಲ್ವರನ ಹೆಸರನ್ನು ಮೊದಲು ಕೂಗಿಸಿದೆ. ನನ್ನವನು, ನನ್ನ ಮಾತು ಮೀರುವುದಿಲ್ಲ, ಅವನು ಎದ್ದು ಹೊರಟರೆ ಉಳಿದವರೂ ಹೊರಡುತ್ತಾರೆ ಎಂದು. ಅವನು ಖುಷಿಯಿಂದ ಬೂಟು ಹಾಕಿಕೊಂಡ. "ಅಮ್ಮ ಲೆಫ್ಸೆ ಮಾಡಿರ್ತಾಳೆ, ನಡೀರೋ!" ಎಂದು ಉಳಿದವರನ್ನೂ ಎಬ್ಬಿಸಿದ.

ಫೋಟೋ ಬಂತು. ಅದನ್ನು ನೋಡಿದ ವಲಯ ಕಚೇರಿಯವರು, ಈ ಆಸ್ಪತ್ರೆಗೆ ಇಷ್ಟೇ ಹಾಸಿಗೆ ಸಾಕು, ಕಾರಿಡಾರ್ ಹೀಗೇ ಇರಲಿ ಎಂದರು. ನಾನು ಹೆಣೆದ ಸುಳ್ಳನ್ನೇ ಅವರು ನಿಯಮ ಮಾಡಿದರು. ಅದು ಸುಳ್ಳು ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದರೆ ಆಸ್ಪತ್ರೆ ಮುಚ್ಚುತ್ತಾರೆ, ವಾರ್ಡಿನಲ್ಲಿರುವವರೂ ಬೀದಿಗೆ ಬೀಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಕುರ್ಚಿ ಹೋಗುತ್ತದೆ ಎಂಬುದೂ ಅದರಲ್ಲಿತ್ತು.

ಅಮ್ಮ ಸತ್ತಾಗ ನನಗೆ ಏಳು ವರ್ಷ. ಆಗಿನಿಂದ ನನ್ನನ್ನು ಸಾಕಿ, ಎಕ್ಸ್‌ಚೇಂಜಿನಲ್ಲಿ ಕೂತು ವೈದ್ಯನನ್ನಾಗಿ ಮಾಡಿದವಳು ನೀನು. ನಿನಗೆ ಹೀಗೆ ಮಾಡಿದೆ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ. ಬೈದಾದರೂ ಬರೆ.

ಸಿಗ್


ಎಲ್ಕ್ ಬೆಂಡ್
16 ಮಾರ್ಚ್ 1947

ಅಕ್ಕ,

ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ನೀನು ಮಾತು ಬಿಟ್ಟಿರುವುದು ನ್ಯಾಯವೇ. ಹಾಲ್ವರನ ಜ್ವರ ಹೇಗಿದೆ ಎಂಬುದನ್ನಷ್ಟೇ ಒಂದು ಕಾರ್ಡಿನಲ್ಲಿ ತಿಳಿಸು. ನನ್ನ ಹೆಸರು ಹಿಡಿದು ಬರೆಯಲು ಮನಸ್ಸಿಲ್ಲದಿದ್ದರೆ ವಿಳಾಸ ಮಾತ್ರ ಬರೆ.

ಸಿಗ್


ನೂರ್ಡಾಲ್
20 ಏಪ್ರಿಲ್ 1947

ಸಿಗ್,

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಓದಲು ಕಷ್ಟವಾದರೆ ಕನ್ನಡಕ ಬದಲಾಯಿಸು. ಮಾತು ಬಿಟ್ಟಿಲ್ಲ. ಸ್ವಲ್ಪ ಸುಸ್ತು, ಅದಕ್ಕೇ ತಡವಾಯಿತು. ಕಾಲು ನೋವು, ಎಕ್ಸ್‌ಚೇಂಜಿನಲ್ಲಿ ಕೂರಲಾಗುತ್ತಿರಲಿಲ್ಲ, ಕೆಲಸ ಬಿಟ್ಟೆ. ಊರಿನ ಗುಟ್ಟೆಲ್ಲ ಈಗ ಆ ಚಿಕ್ಕ ಹುಡುಗಿ ಇಂಗಾಳ ಕಿವಿಗೆ. ಪಾಪ, ಅವಳಿಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ.

ಹಾಲ್ವರ್ ಒಂದು ದಿನ ಚೆನ್ನಾಗಿರುತ್ತಾನೆ, ಒಂದು ದಿನ ಇಲ್ಲ. ಚೆನ್ನಾಗಿರುವ ದಿನ ಎದ್ದು ನನಗೆ ಕಾಫಿ ಮಾಡಿಕೊಡುತ್ತಾನೆ. ಮಲಗು ಅಂದರೆ, "ಕಾಲು ನೋವಿರೋರು ಮಲಗ್ಬೇಕು, ನಂಗೇನು ಕಾಲು ಗಟ್ಟಿಯಾಗಿದೆ" ಅನ್ನುತ್ತಾನೆ. ಅವನ ಕೈಯ ಕಾಫಿ ಕುಡಿಯುವಂತಿರುವುದಿಲ್ಲ, ಆದರೂ ಕುಡಿಯುತ್ತೇನೆ. ಮೂರು ತಿಂಗಳು ಮುಗಿಯಿತಲ್ಲ, ಅವನಿಗೆ ಹಾಸಿಗೆ ಯಾವಾಗ?

ನಿನ್ನ ಮೇಲೆ ಸಿಟ್ಟಿತ್ತು. ಬಹಳ ಇತ್ತು. ಈಗ ಅದನ್ನು ಹೊತ್ತುಕೊಂಡು ತಿರುಗಲು ಶಕ್ತಿ ಇಲ್ಲ.

ಒಂದು ಸಲಹೆ ಬೇಕು. ಎಕ್ಸ್‌ಚೇಂಜಿನಲ್ಲಿ ನನಗೆ ಗೊತ್ತಿರುವ ಒಬ್ಬಳಿಗೆ ಚಳಿಗಾಲದಿಂದ ಕೆಮ್ಮು ಬಿಟ್ಟಿಲ್ಲ, ಸೊರಗಿದ್ದಾಳೆ, ಮೈಮೇಲಿನ ಬಟ್ಟೆ ಒದ್ದೆಯಾಗುವ ಹಾಗೆ ಬೆವರುತ್ತಾಳೆ. ನಿಮ್ಮ ಕಡೆ ಹೆಂಗಸರಿಗೆ ಜಾಗ ಇದೆಯೇ? ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಿದ್ದಳು.

ಬೋರ್ಗಿಲ್ಡ್


ಎಲ್ಕ್ ಬೆಂಡ್
28 ಏಪ್ರಿಲ್ 1947

ಪ್ರೀತಿಯ ಅಕ್ಕ,

ನಿನ್ನ ಕಾಗದ ನೋಡಿ ಜೀವ ಬಂತು. ಕಾಲಿಗೆ ಬಿಸಿನೀರಿನ ಶಾಖ ಕೊಡು, ಎತ್ತರಕ್ಕೆ ಇಟ್ಟುಕೊಂಡು ಕೂರು. ಈ ವಯಸ್ಸಿನಲ್ಲಿ ಕೆಲಸ ಬಿಟ್ಟದ್ದು ಒಳ್ಳೆಯದೇ.

ಆ ಹೆಂಗಸಿಗೆ ಹೇಳು: ನಮ್ಮ ಹಾಸಿಗೆಗಳು ಸೈನ್ಯದಲ್ಲಿದ್ದವರಿಗೆ ಮಾತ್ರ. ಆಸೆ ಇಟ್ಟುಕೊಳ್ಳುವುದು ಬೇಡ. ಜಿಲ್ಲೆಯ ಸ್ಯಾನಿಟೋರಿಯಮ್ಮಿನಲ್ಲಿ ಹೆಸರು ಬರೆಸಲಿ, ಅಲ್ಲೂ ಸರದಿ ಇರುತ್ತದೆ. ತಡಮಾಡದೆ ಎಕ್ಸ್‌ರೇ ತೆಗೆಸಲಿ. ನೀನು ಹೇಳುವುದನ್ನು ನೋಡಿದರೆ ನನಗೆ ಅನುಮಾನವೇ ಇಲ್ಲ. ನೀನು ಅವಳಿಂದ ದೂರ ಇರು. ಮನೆಗೆ ಕರೆಯಬೇಡ, ಅವಳ ಲೋಟ ಮುಟ್ಟಬೇಡ. ಸಂಕೋಚಪಟ್ಟುಕೊಂಡು ಪಕ್ಕದಲ್ಲಿ ಕೂರುವವಳು ನೀನು, ಅದಕ್ಕೇ ಖಂಡಿತವಾಗಿ ಹೇಳುತ್ತಿದ್ದೇನೆ.

ಈಗ ಹಾಲ್ವರನ ವಿಷಯ. ನಿನಗೆ ಇನ್ನೊಂದು ಸುಳ್ಳು ಹೇಳಲಾರೆ. ಹೋದ ವಾರ ವಾರ್ಡಿನಲ್ಲಿ ಒಂದು ಹಾಸಿಗೆ ಖಾಲಿಯಾಯಿತು. ಅದೇ ದಿನ ಆ ದಿನಪತ್ರಿಕೆಯವನು ಬಂದಿದ್ದ. "ಡಾಕ್ಟ್ರೇ, ರುಸ್ತಾದ್ ಅನ್ನೋ ಹುಡುಗ ನಿಮಗೇನಾಗ್ಬೇಕು?" ಎಂದು ಕೇಳಿದ. ಎಲ್ಲಿಂದಲೋ ವಾಸನೆ ಹಿಡಿದಿದ್ದಾನೆ. ಸ್ವಂತದವನಿಗೆ ಹಾಸಿಗೆ ಕೊಟ್ಟ ಎಂದು ಬರೆದಾನೆಂದು ಹೆದರಿದೆ. ಹಾಸಿಗೆಯನ್ನು ಸರದಿಯಲ್ಲಿ ಹಾಲ್ವರನಿಗಿಂತ ಹಿಂದೆ ಇದ್ದವನಿಗೆ ಕೊಟ್ಟೆ. ನನ್ನವನೆಂದು ಅವನನ್ನು ಮೊದಲು ಹೊರಗೆ ಕಳಿಸಿದೆ, ನನ್ನವನೆಂದು ಕೊನೆಗೂ ಒಳಗೆ ಬಿಡಲಿಲ್ಲ.

ಇದನ್ನು ಬರೆದ ಮೇಲೆ ಕನ್ನಡಿ ನೋಡಲಾಗುತ್ತಿಲ್ಲ. ಏನಾದರೂ ಮಾಡುತ್ತೇನೆ.

ಸಿಗ್


ಎಲ್ಕ್ ಬೆಂಡ್
25 ಮೇ 1947

ಅಕ್ಕ,

ಮಾಡಿದೆ.

ಆ ಪತ್ರಿಕೆಯವನನ್ನು ನಾನೇ ಕರೆಸಿದೆ. ನವೆಂಬರಿನ ಫೋಟೋ ಸುಳ್ಳು, ಅದಕ್ಕಾಗಿ ಆರು ರೋಗಿಗಳನ್ನು ಮನೆಗೆ ಕಳಿಸಿದ್ದೆ, ಅವರಲ್ಲಿ ಒಬ್ಬ ನನ್ನ ಸೋದರಳಿಯ ಎಂದು ಹೇಳಿದೆ. ಅವನು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಇದನ್ನ ಅಚ್ಚು ಹಾಕಿದ್ರೆ ನಿಮ್ಮ ಕಥೆ ಮುಗೀತು, ಗೊತ್ತಲ್ವಾ?" ಅಂದ. ಗೊತ್ತು ಅಂದೆ. ಆಮೇಲೆ ಗೋದಾಮಿನಿಂದ ಮಂಚಗಳನ್ನು ತರಿಸಿ ಕಾರಿಡಾರಿನಲ್ಲಿ ಹಾಕಿಸಿದೆ. ಆರು ಜನರಿಗೂ ಬನ್ನಿ ಎಂದು ತಂತಿ ಕೊಟ್ಟೆ. ಒಬ್ಬನ ಮನೆಯಿಂದ ಅವನು ಮಾರ್ಚಿನಲ್ಲಿ ತೀರಿಕೊಂಡ ಎಂದು ಉತ್ತರ ಬಂತು. ಆ ತಂತಿ ನನ್ನ ಕಿಸೆಯಲ್ಲೇ ಇದೆ.

ಪ್ರೂಯಿಟ್ ಫೋನಿನಲ್ಲಿ ಕಿರುಚಿದ. "ನಿಮಗೆ ತಲೆ ಕೆಟ್ಟಿದೆಯೇನ್ರೀ! ಯಾರನ್ನ ಕೇಳಿ ಹಾಸಿಗೆ ಹಾಕಿದ್ರಿ?" ಅಂದ. ಯಾರನ್ನು ಕೇಳಬೇಕು ಎಂದು ಏಳು ತಿಂಗಳಿಂದ ನಾನು ಕೇಳುತ್ತಿದ್ದೇನೆ, ನಿಮಗೆ ತಿಳಿದರೆ ಹೇಳಿ ಎಂದೆ. ಜುಲೈನಿಂದ ನನ್ನ ಜಾಗಕ್ಕೆ ಬೇರೆ ಮುಖ್ಯಾಧಿಕಾರಿ ಬರುತ್ತಾರೆ. ಹಾಕಿದ ಹಾಸಿಗೆಗಳನ್ನು ಮಾತ್ರ ತೆಗೆಸುವುದಿಲ್ಲವಂತೆ. ತೆಗೆಸಿದರೆ ಮತ್ತೆ ಫೋಟೋ ಬರುತ್ತದೆ ಎಂಬ ಹೆದರಿಕೆ ಈಗ ಅವರಿಗಿದೆ.

ರೇಡಿಯೇಟರ್ ಪಕ್ಕದ ಹಾಸಿಗೆ ಹಾಲ್ವರನಿಗೆ ಕಾದಿದೆ. ಕ್ಷಯಕ್ಕೆ ಹೊಸ ಚುಚ್ಚುಮದ್ದೊಂದು ಬಂದಿದೆ, ಒಳಗೆ ದಾಖಲಾದವರಿಗೆ ಅದು ಸಿಗುವ ಹಾಗಿದೆ. ತಕ್ಷಣ ಕಳಿಸು. ಜೊತೆಯಲ್ಲಿ ನೀನೂ ಬಾ ಅಕ್ಕ. ನಿನ್ನ ಮುಖ ನೋಡದೆ ಎರಡು ವರ್ಷವಾಯಿತು.

ಸಿಗ್


ನೂರ್ಡಾಲ್
5 ಜೂನ್ 1947

ಸಿಗ್,

ಈ ಕಾಗದವನ್ನು ಅಂಟಿಸಿ ಹಾಲ್ವರನ ಕೈಯಲ್ಲೇ ಕೊಡುತ್ತಿದ್ದೇನೆ. ಅವನ ಔಷಧಿಯ ವಿವರ ಎಂದು ಹೇಳಿದ್ದೇನೆ. ಅವನು ಹಾಸಿಗೆ ಸೇರಿದ ಮೇಲೆ, ಒಬ್ಬನೇ ಇರುವಾಗ ಓದು.

ಕೆಮ್ಮುವ ಆ ಹೆಂಗಸಿನಿಂದ ದೂರ ಇರು ಅಂದೆಯಲ್ಲ. ಪ್ರಯತ್ನಪಟ್ಟೆ ಕಣೋ. ಆದರೆ ಬೆಳಿಗ್ಗೆ ಎದ್ದು ತಲೆ ಬಾಚುವುದೇ ಅವಳದ್ದು, ಏನು ಮಾಡಲಿ.

ಎಕ್ಸ್‌ರೇ ಆಯಿತು. ಎರಡೂ ಕಡೆ ಇದೆ ಅಂದರು. ಜಿಲ್ಲೆಯ ಸ್ಯಾನಿಟೋರಿಯಮ್ಮಿನಲ್ಲಿ ಹೆಸರು ಬರೆಸಿದ್ದೇನೆ, ಚಳಿ ಶುರುವಾಗುವಷ್ಟರಲ್ಲಿ ಜಾಗ ಆಗಬಹುದಂತೆ. ಅಲ್ಲಿಯವರೆಗೆ ಜಗಲಿಯ ಮಂಚ ಇದೆ. ಹಾಲ್ವರ್ ಎದ್ದು ಹೋದಮೇಲೆ ಅದು ನನಗೇ. ಕ್ಲೆವೆನ್ ಊಟ ತಂದು ಬಾಗಿಲಲ್ಲಿ ಇಡುತ್ತಾಳೆ. ಎಲ್ಲ ಕಟ್ಟುನಿಟ್ಟಾಗಿ ಮಾಡುತ್ತಿದ್ದೇನೆ, ಚಿಂತೆ ಬೇಡ.

ತಟ್ಟೆ ಬೇರೆ ಇಡು ಎಂದು ನೀನು ಬರೆದಾಗಲೇ ನನಗೆ ಏನೋ ಹೊಳೆಯಿತು. ಫೋಟೋ ಬಂದಾಗ ಉಳಿದದ್ದೂ ತಿಳಿಯಿತು. ತಿಳಿಯದವಳ ಹಾಗೆ ನಿನಗೆ ಬರೆದೆ. ಅಷ್ಟರಲ್ಲಿ ಎರಡು ವಾರ ಒಂದೇ ಮೇಜಿನಲ್ಲಿ ಉಂಡಾಗಿತ್ತು. ಯುದ್ಧದಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಬಂದ ಮಗನಿಗೆ, ನಿನ್ನ ತಟ್ಟೆ ಬೇರೆ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. ಹಾಗಾಗಿ ಎಲ್ಲವನ್ನೂ ನಿನ್ನ ತಲೆಗೇ ಕಟ್ಟಿಕೊಂಡು ಕೂರಬೇಡ. ಒಂದು ಪಾಲು ನನ್ನದು.

ಅವನಿಗೆ ಗೊತ್ತಿಲ್ಲ. ಕಾಲು ನೋವು ಅಂತಲೇ ನಂಬಿದ್ದಾನೆ. ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಳ್ಳುತ್ತಿದ್ದೆ. ಗೊತ್ತಾದರೆ ಆ ಹುಡುಗ ಅಲ್ಲಿ ಒಂದು ದಿನ ಇರುವುದಿಲ್ಲ, ಎದ್ದು ಬಂದುಬಿಡುತ್ತಾನೆ. ಹಾಗೆ ಬಂದರೆ ತಾನಾಗಿ ಬಿಟ್ಟುಹೋದವನಾಗುತ್ತಾನೆ. ಆಮೇಲೆ ಮತ್ತೆ ಮೂರು ತಿಂಗಳು, ಮತ್ತೆ ಸರದಿಯ ಕೊನೆ. ಆ ಚುಚ್ಚುಮದ್ದೂ ತಪ್ಪುತ್ತದೆ.

ಆದ್ದರಿಂದ ಅವನು ಕೇಳಿದಾಗ ಸುಳ್ಳು ಹೇಳು. ಸುಳ್ಳು ಹೇಳುವುದು ನಿನಗೆ ಬರುತ್ತದಲ್ಲ. ಇಷ್ಟು ದಿನ ನಿನಗೋಸ್ಕರ ಹೇಳಿದೆ, ಇದೊಂದನ್ನು ನನಗೋಸ್ಕರ ಹೇಳು. ಚೆನ್ನಾಗಿ ಹೇಳು.

ನಿನ್ನ ಅಕ್ಕ,
ಬೋರ್ಗಿಲ್ಡ್


ಎಲ್ಕ್ ಬೆಂಡ್
8 ಜೂನ್ 1947

ಅಕ್ಕ,

ಶ್ವಾಸಕೋಶದ ವೈದ್ಯ ನಾನು. ಸುಸ್ತು, ಬೆವರು, ಬಿಟ್ಟ ಕೆಲಸ, ಪೆನ್ಸಿಲಿನ ಬರಹ ಎಲ್ಲವನ್ನೂ ನೀನು ನನ್ನ ಮುಂದೆ ಇಟ್ಟಿದ್ದೆ. ಕಾಲಿಗೆ ಬಿಸಿನೀರಿನ ಶಾಖ ಕೊಡು ಎಂದು ಬರೆದೆ.

ನಿನಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನವೆಂಬರಿನಲ್ಲಿ ಕಫ ಪರೀಕ್ಷೆ ಚೆನ್ನಾಗಿ ಬಂದಿದೆ ಎಂದು ನಿನಗೆ ಬರೆದಾಗ ಪರೀಕ್ಷೆ ಇನ್ನೂ ಮುಗಿದೇ ಇರಲಿಲ್ಲ. ಹಿಂದಿನದು ಚೆನ್ನಾಗಿತ್ತು, ಇದೂ ಹಾಗೆಯೇ ಬರುತ್ತದೆ ಎಂದು ಬರೆದುಬಿಟ್ಟೆ. ಫಲಿತಾಂಶ ಬಂದಾಗ ಅವನು ರೈಲಿನಲ್ಲಿದ್ದ. ರೋಗಾಣು ಇತ್ತು. ಒಂದು ತಂತಿ ಕೊಟ್ಟಿದ್ದರೆ ಸಾಕಿತ್ತು. ಕೊಟ್ಟರೆ ಅವನನ್ನು ಹಿಂದಕ್ಕೆ ಕರೆಸಬೇಕಾಗುತ್ತಿತ್ತು, ಫೋಟೋದವರು ಬರುವ ದಿನ ಹತ್ತಿರ ಬಂದಿತ್ತು. ಅದಕ್ಕೇ ಹಬ್ಬ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ ತಟ್ಟೆ ಲೋಟದ ಮಾತು ಬರೆದೆ. ಒಂದು ಪಾಲು ನಿನ್ನದು ಅಂದೆ. ಇಲ್ಲ ಅಕ್ಕ, ನಿನ್ನದು ಏನೂ ಇಲ್ಲ. ಅದು ಪೂರ್ತಿ ನನ್ನದು, ಅದನ್ನು ನನಗೇ ಬಿಡು.

ಜುಲೈ ಮೊದಲ ರೈಲಿಗೆ ಅಲ್ಲಿಗೆ ಬರುತ್ತೇನೆ. ಬೇಡ ಅನ್ನಬೇಡ, ಅಂದರೂ ಬರುತ್ತೇನೆ. ಈ ಊರಿನಲ್ಲಿ ನನಗಿನ್ನು ಕೆಲಸವಿಲ್ಲ, ಅಲ್ಲಿ ಒಬ್ಬ ರೋಗಿ ಇದ್ದಾಳೆ.

ಹಾಲ್ವರ್ ನಿನ್ನೆ ಮಧ್ಯಾಹ್ನ ತಲುಪಿದ. ಬಹಳ ಇಳಿದಿದ್ದಾನೆ. ನಾನೇ ಕೈಹಿಡಿದು ಹಾಸಿಗೆಯವರೆಗೆ ನಡೆಸಿದೆ. ಈಗ ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೆದುರೇ ಮಾಮ ಅಂದ. ಕಾಗದ ಕೊಟ್ಟ, ನಾನು ಒಳಗೆ ಹೋಗಿ ಓದಿ ಬಂದೆ. ಮುಖ ತೊಳೆದುಕೊಂಡೇ ಬಂದೆ.

"ಅಮ್ಮನ ಕಾಲು ಹೇಗಿದ್ಯಂತೆ ಮಾಮ? ನಿಮಗೇನಾದ್ರೂ ಬರ್ದಿದ್ದಾಳಾ?" ಎಂದು ಕೇಳಿದ.

"ಪರವಾಗಿಲ್ಲ ಕಣೋ. ಬೇಸಿಗೆ ಬಂತಲ್ಲ, ಸರಿಹೋಗುತ್ತೆ" ಅಂದೆ. ನನ್ನ ಕೈಲಾದಷ್ಟು ಚೆನ್ನಾಗಿಯೇ ಹೇಳಿದೆ ಅಕ್ಕ. ದನಿ ನಡುಗಲಿಲ್ಲ.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ, "ಬಾಯ್ಲರ್ ರಿಪೇರಿ ಆಯ್ತಾ ಮಾಮ?" ಅಂದ.

ಅವನು ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಬೂಟುಗಳು ಮಂಚದ ಕೆಳಗೇ ಇದ್ದವು. ಅವನು ಯಾವಾಗ ಎದ್ದು ಹಾಕಿಕೊಳ್ಳುತ್ತಾನೋ ಎಂದು ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಸಂಜೆ ಊಟದ ಗಾಡಿ ಮೊದಲು ಅವನ ಹತ್ತಿರವೇ ಬಂತು. ಎದ್ದು ಕೂತು, ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದ. ಹಾಲನ್ನೂ ಕುಡಿದ. ಕಣ್ಣು ಕೆಂಪಗಿತ್ತು.

"ಅಮ್ಮಂಗೆ ಬರೀರಿ," ಅಂದ. "ತಟ್ಟೆ ಖಾಲಿ ಮಾಡ್ದ ಅಂತ. ಹಾಸಿಗೆ ಬಿಟ್ಟು ಏಳಲ್ಲ ಅಂತ. ಕಾಲು ನೋವಿನ ಮಾತು ನಂಬ್ದ ಅಂತಾನೂ ಬರೀರಿ."

ಬರೆದಿದ್ದೇನೆ.

ಸಿಗ್